ಹುಟ್ಟುಗುಣದ ಒಳ್ಳೆಯತನ ಸದ್ಗುಣ ಹೌದಾ, ಅಲ್ಲವಾ? ಅವ್ವನ ದಯೆ, ತಮ್ಮನ ಧೈರ್ಯ ಇಟ್ಟುಕೊಂಡು ಕೇಳುತ್ತಿದ್ದೇನೆ

ಪ್ರಶ್ನೆ: ತೋಟದಮನೆ, ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು 4 ಎಕರೆ ಕಾಫಿ ತೋಟ. ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ತತ್ವಶಾಸ್ತ್ರದ ಎಂ.ಎ. ಕಟ್ಟಿದ್ದೇನೆ. ಹಗಲು ತೋಟ, ರಾತ್ರಿ ಓದು. ಈ ಸಲ ನೀತಿಶಾಸ್ತ್ರದ ಪತ್ರಿಕೆ ಇದೆ. ಅದರಲ್ಲಿ ಒಂದು ಸಾಲಿನ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. 4 ದಿನ ಆಯಿತು, ಮುಂದಕ್ಕೆ ಹೋಗಲು ಆಗುತ್ತಿಲ್ಲ.

ನೋಟ್ಸಿನಲ್ಲಿ ಹೀಗಿದೆ: ‘ಅರಿಸ್ಟಾಟಲನ ಪ್ರಕಾರ ಸಹಜ ಸದ್ಗುಣ ನಿಜವಾದ ಸದ್ಗುಣವಲ್ಲ.’ ಅಷ್ಟೇ. ಅದರ ಕೆಳಗೆ ಬೇರೆ ವಿಷಯ ಶುರುವಾಗುತ್ತದೆ.

ಪರೀಕ್ಷೆಗೆ ಆ ಸಾಲು ಬರೆದರೆ ಅಂಕ ಬರಬಹುದು. ಆದರೆ ಅದನ್ನು ಓದಿದ ಕೂಡಲೇ ನನಗೆ ಇಬ್ಬರು ಕಣ್ಣ ಮುಂದೆ ಬಂದರು. ಒಬ್ಬರು ಅವ್ವ, ಇನ್ನೊಬ್ಬ ತಮ್ಮ. ನನ್ನ ತವರು ಮನೆ ಇಲ್ಲಿಂದ ಹೆಚ್ಚು ದೂರ ಇಲ್ಲ, ಮಾದಾಪುರದ ದಾರಿಯಲ್ಲಿದೆ. ಇಬ್ಬರೂ ಅಲ್ಲೇ ಇದ್ದಾರೆ.

ತಮ್ಮನಿಗೆ ಹೆದರಿಕೆ ಅನ್ನುವುದೇ ಗೊತ್ತಿಲ್ಲ. ಚಿಕ್ಕವನಿದ್ದಾಗಲೇ ಕತ್ತಲಲ್ಲಿ ಒಬ್ಬನೇ ತೋಡು ದಾಟಿ ಬರುತ್ತಿದ್ದ. ನಾವೆಲ್ಲ ‘ಇವನು ಹುಟ್ಟಿದ್ದೇ ಹೀಗೆ’ ಅನ್ನುತ್ತಿದ್ದೆವು. ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳು. ಹಲಸಿನ ಹಣ್ಣು ಬಿದ್ದು ತೋಟವೆಲ್ಲ ವಾಸನೆ. ಹಲಸಿನ ಕಾಲದಲ್ಲಿ ಆನೆ ಬರುವುದು ಇಲ್ಲಿಯವರಿಗೆ ಹೊಸದಲ್ಲ. ಆ ಸಂಜೆ ಬಂದದ್ದು ಮರಿ ಇದ್ದ ಹೆಣ್ಣಾನೆ. ತಮ್ಮ ಟಾರ್ಚ್ ಹಿಡಿದು ಕೂಗುತ್ತಾ ಮುಂದೆ ಹೋದ. ನಮ್ಮ ತೋಟದಲ್ಲಿ ಬಹಳ ವರ್ಷ ದುಡಿದ ಹಿರಿಯರೊಬ್ಬರು ಅವನ ಹಿಂದೆ ಹೋದರು. ಹುಡುಗನನ್ನು ಒಬ್ಬನೇ ಹೇಗೆ ಕಳಿಸುವುದು ಅಂತ. ಆನೆ ತಿರುಗಿ ಬಂತು. ತಮ್ಮ ಓಡಿದ, ಬಚಾವಾದ. ಆ ಹಿರಿಯರಿಗೆ ಓಡಲು ಆಗಲಿಲ್ಲ. ಚರಂಡಿಗೆ ಬಿದ್ದು ಸೊಂಟದ ಮೂಳೆ ಮುರಿಯಿತು. ಆನೆ ಅಲ್ಲೇ ನಿಂತು ವಾಪಸ್ ಹೋದದ್ದಕ್ಕೆ ಜೀವ ಉಳಿಯಿತು. ಧೈರ್ಯ ತಮ್ಮನದು, ಮುರಿದದ್ದು ಇನ್ನೊಬ್ಬರ ಮೂಳೆ. ಅವರು ಇವತ್ತಿಗೂ ಕೋಲು ಊರಿಕೊಂಡೇ ನಡೆಯುತ್ತಾರೆ.

ಇನ್ನು ಅವ್ವ. ಕೇಳಿದವರಿಗೆ ಇಲ್ಲ ಅಂದದ್ದನ್ನು ನಾನು ನೋಡಿಲ್ಲ. 8 ವರ್ಷದ ಹಿಂದೆ ದೂರದ ಸಂಬಂಧಿಕರೊಬ್ಬರ ಸಾಲಕ್ಕೆ ಜಾಮೀನು ಹಾಕಿದರು. ಅವರು ಕಟ್ಟಲಿಲ್ಲ. ಹೊರೆ ನಮ್ಮ ಮೇಲೆ ಬಂತು. ಅಪ್ಪ ತೋಟದ ಕೆಳಭಾಗದ ಸಿಲ್ವರ್ ಓಕ್ ಮರಗಳನ್ನು ಮಾರಿದರು. ಬರೀ ಮರ ಹೋದದ್ದಲ್ಲ. ಅವುಗಳ ಮೇಲೆ ಹಬ್ಬಿದ್ದ ಕರಿಮೆಣಸಿನ ಬಳ್ಳಿಗಳೂ ಹೋದವು. ಕೊಯ್ಲಿಗೆ ಬಂದಿದ್ದ ಬಳ್ಳಿಗಳು. ಅಪ್ಪ ಅದರ ನಂತರ ಆ ಕಡೆಗೆ ನಡೆಯುವುದನ್ನೇ ಬಿಟ್ಟರು.

ಈಗ ನನ್ನ ಪ್ರಶ್ನೆ. ಅರಿಸ್ಟಾಟಲ್ ಹೇಳುವ ಸಹಜ ಸದ್ಗುಣ ಅಂದರೆ ಇದೇನಾ? ಹುಟ್ಟಿನಿಂದ ಬಂದದ್ದು, ಕಲಿಯದೆ ಬಂದದ್ದು? ಹಾಗಾದರೆ ಅವ್ವನ ದಯೆ ‘ನಿಜವಾದದ್ದಲ್ಲ’ ಅಂತ ಅರ್ಥವಾ? ಆ ಮಾತು ನನಗೆ ನುಂಗಲು ಆಗುತ್ತಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತೇವೆ. ಕೆಟ್ಟ ಗುಣಕ್ಕೆ ಆ ಗಾದೆ ಹೇಳುವಾಗ ಬೈಗುಳ. ಒಳ್ಳೆಯ ಗುಣಕ್ಕೆ ಹೇಳಿದರೆ ಅದು ಹೊಗಳಿಕೆಯೂ ಅಲ್ವಾ?

ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿವೃತ್ತ ಮೇಷ್ಟ್ರು, ವಿರಾಜಪೇಟೆ

ಅಮ್ಮಾ, ನಿಮ್ಮ ಪ್ರಶ್ನೆ ಓದಿ ತುಂಬಾ ಸಂತೋಷವಾಯಿತು. ನಿಮ್ಮ ನೋಟ್ಸಿನ ಸಾಲು ಪೂರ್ತಿ ಸುಳ್ಳಲ್ಲ, ಆದರೆ ಅದರಲ್ಲಿ ಒಂದು ಪದ ದಾರಿ ತಪ್ಪಿಸುತ್ತಿದೆ. ‘ನಿಜವಾದ’ ಅನ್ನುವ ಪದ.

ಈ ಮಾತು ಬರುವುದು ಅರಿಸ್ಟಾಟಲನ ನೀತಿಗ್ರಂಥ ನಿಕೊಮೇಕಿಯನ್ ಎಥಿಕ್ಸ್‌ನ 6ನೇ ಪುಸ್ತಕದ 13ನೇ ಅಧ್ಯಾಯದಲ್ಲಿ. ಅಲ್ಲಿ ಎರಡು ಬಗೆಯ ಸದ್ಗುಣ ಹೇಳುತ್ತಾನೆ. ಒಂದು ಫುಸಿಕೆ ಅರೆಟೆ, ಪ್ರಕೃತಿಯಿಂದ ಬಂದ ಸದ್ಗುಣ. ಇನ್ನೊಂದು ಕ್ಯೂರಿಯಾ ಅರೆಟೆ. ಕ್ಯೂರಿಯಾ ಅಂದರೆ ಅಧಿಕಾರ ಇರುವುದು, ಪೂರ್ಣ ಅರ್ಥದ್ದು. ಅದಕ್ಕೆ ‘ನಿಜವಾದ’ ಅಂತ ಕನ್ನಡ ಮಾಡಿದರೆ ಮೊದಲನೆಯದು ಖೋಟಾ ನಾಣ್ಯ ಅನ್ನಿಸಿಬಿಡುತ್ತದೆ. ಅರಿಸ್ಟಾಟಲ್ ಹಾಗೆ ಹೇಳಿಲ್ಲ. ನಾನಾಗಿದ್ದರೆ ‘ಪೂರ್ತಿಯಾದ ಸದ್ಗುಣ’ ಅನ್ನುತ್ತಿದ್ದೆ.

ಅವನು ಹೇಳುವುದು ಇಷ್ಟು. ಹುಟ್ಟಿದಾಗಿನಿಂದಲೇ ಕೆಲವರಲ್ಲಿ ಧೈರ್ಯ, ನ್ಯಾಯ, ಹಿತಮಿತದ ಕಡೆಗೆ ಒಲವು ಇರುತ್ತದೆ. ಮಕ್ಕಳಲ್ಲೂ ಇರುತ್ತದೆ, ಪ್ರಾಣಿಗಳಲ್ಲೂ ಇರುತ್ತದೆ. ಆದರೆ ವಿವೇಕ ಇಲ್ಲದಿದ್ದರೆ ಆ ಒಲವೇ ಹಾನಿ ಮಾಡುತ್ತದೆ. ಇದಕ್ಕೆ ಕೊಡುವ ಹೋಲಿಕೆ ನಿಮ್ಮ ತಮ್ಮನ ಕತೆಯ ಪಕ್ಕದಲ್ಲೇ ಇಡುವಂಥದ್ದು. ಬಲವಾದ ಮೈ, ಕಣ್ಣಿಲ್ಲ. ಅಂಥವನು ನಡೆದಾಡುವಾಗ ಎಡವಿದರೆ ಬೀಳುವ ಪೆಟ್ಟೂ ಜೋರು. ಬಲ ಹೆಚ್ಚಾದಷ್ಟೂ ಪೆಟ್ಟು ಹೆಚ್ಚು. ಪುಕ್ಕಲ ಹುಡುಗನಾಗಿದ್ದರೆ ಮನೆಯಲ್ಲೇ ಕೂತಿರುತ್ತಿದ್ದ, ಆ ಹಿರಿಯರ ಸೊಂಟ ಮುರಿಯುತ್ತಿರಲಿಲ್ಲ.

ಧೈರ್ಯದ ಬಗ್ಗೆ 3ನೇ ಪುಸ್ತಕದ 8ನೇ ಅಧ್ಯಾಯವನ್ನೂ ನೋಡಿ. ಧೈರ್ಯದ ಹಾಗೆ ಕಾಣುವ 5 ಸಂಗತಿಗಳನ್ನು ಅಲ್ಲಿ ಬಿಡಿಸುತ್ತಾನೆ. ಅದರಲ್ಲಿ ಒಂದು ರೋಷದಿಂದ ನುಗ್ಗುವುದು. ಅದನ್ನು ಅವನು ತಳ್ಳಿಹಾಕುವುದಿಲ್ಲ. ಎಲ್ಲಕ್ಕಿಂತ ಸಹಜವಾದದ್ದು ಇದೇ, ಇದಕ್ಕೆ ಯೋಚಿಸಿ ಆರಿಸುವುದೂ ಒಂದು ಗುರಿಯೂ ಸೇರಿದರೆ ಧೈರ್ಯವೇ ಆಗುತ್ತದೆ ಅನ್ನುತ್ತಾನೆ. ಅಂದರೆ ತಮ್ಮನ ಒಳಗಿರುವುದು ಬಿಸಾಡುವ ವಸ್ತುವಲ್ಲ. ಅದಕ್ಕೆ ಇನ್ನೂ ಒಂದು ಸೇರಬೇಕು.

ಇನ್ನೊಂದು ಮಾತು, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹಾಗಾದರೆ ಬುದ್ಧಿ ಮೇಲು, ಹೃದಯ ಕೀಳು ಅಂತ ತಿಳಿಯಬೇಡಿ. 6ನೇ ಪುಸ್ತಕದ ಕೊನೆಯಲ್ಲಿ ಬುದ್ಧಿಗೂ ಇದೇ ಲೆಕ್ಕ ಹಾಕುತ್ತಾನೆ. ಗುರಿ ಯಾವುದಾದರೂ ಇರಲಿ, ಅದನ್ನು ಸಾಧಿಸುವ ಜಾಣತನ ಒಂದಿದೆ. ಗುರಿ ಒಳ್ಳೆಯದಾದರೆ ಆ ಜಾಣತನ ಹೊಗಳಿಕೆಗೆ ತಕ್ಕದ್ದು, ಕೆಟ್ಟದಾದರೆ ಬರೀ ಕುತಂತ್ರ. ಜಾಣತನಕ್ಕೂ ವಿವೇಕಕ್ಕೂ ಯಾವ ನಂಟೋ, ಸಹಜ ಸದ್ಗುಣಕ್ಕೂ ಪೂರ್ತಿ ಸದ್ಗುಣಕ್ಕೂ ಅದೇ ನಂಟು. ಒಳ್ಳೆಯತನ ಇಲ್ಲದೆ ವಿವೇಕ ಇಲ್ಲ, ವಿವೇಕ ಇಲ್ಲದೆ ಪೂರ್ತಿ ಒಳ್ಳೆಯತನ ಇಲ್ಲ. ಎರಡೂ ಒಟ್ಟಿಗೇ ಬೆಳೆಯಬೇಕು. ಸಾಕ್ರಟೀಸ್ ಎಲ್ಲ ಸದ್ಗುಣವೂ ವಿವೇಕವೇ ಅಂದಿದ್ದ. ಅವನು ಅರ್ಧ ಸರಿ ಅನ್ನುತ್ತಾನೆ ಅರಿಸ್ಟಾಟಲ್. ಸದ್ಗುಣವೇ ವಿವೇಕ ಅನ್ನುವುದು ತಪ್ಪು, ವಿವೇಕ ಇಲ್ಲದೆ ಸದ್ಗುಣ ಇಲ್ಲ ಅನ್ನುವುದು ಸರಿ.

ಮತ್ತೆ 2ನೇ ಪುಸ್ತಕದ ಶುರುವಿನ ಮಾತು ನೆನಪಿರಲಿ. ಕಲ್ಲನ್ನು 10,000 ಸಲ ಮೇಲಕ್ಕೆ ಎಸೆದರೂ ಮೇಲೆ ಹೋಗುವುದನ್ನು ಅದು ರೂಢಿ ಮಾಡಿಕೊಳ್ಳುವುದಿಲ್ಲ. ಮನುಷ್ಯ ಹಾಗಲ್ಲ. ಸದ್ಗುಣ ಹುಟ್ಟಿನಿಂದಲೇ ತಯಾರಾಗಿ ಬರುವುದಿಲ್ಲ, ಹುಟ್ಟಿಗೆ ವಿರುದ್ಧವೂ ಅಲ್ಲ. ಪಡೆದುಕೊಳ್ಳುವ ಶಕ್ತಿ ಹುಟ್ಟಿನಿಂದ, ಪೂರ್ತಿಯಾಗುವುದು ರೂಢಿಯಿಂದ. ‘ಹುಟ್ಟುಗುಣ ಸುಟ್ಟರೂ ಹೋಗದು’ ಅನ್ನುವ ಗಾದೆಯನ್ನು ಅವನು ಪೂರ್ತಿ ಒಪ್ಪುತ್ತಿರಲಿಲ್ಲ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಅನ್ನುವುದನ್ನು ಜಾಸ್ತಿ ಒಪ್ಪುತ್ತಿದ್ದ ಅಂತ ನನಗೆ ಅನ್ನಿಸುತ್ತದೆ.

ತೋಟದಮನೆ, ಸುಂಟಿಕೊಪ್ಪ

ಮೇಷ್ಟ್ರೇ, ತುಂಬಾ ಧನ್ಯವಾದ. ‘ಪೂರ್ತಿಯಾದ’ ಅನ್ನುವ ಒಂದು ಪದ ನನ್ನ ಎದೆಯ ಮೇಲಿದ್ದ ಕಲ್ಲನ್ನು ಇಳಿಸಿತು. ತಮ್ಮನ ವಿಷಯ ಈಗ ಅರ್ಥವಾಯಿತು. ಅವ್ವನ ವಿಷಯ ಇನ್ನೂ ಕುಳಿತಿಲ್ಲ. ಅವ್ವನಿಗೆ ಈಗ 68. ಜಾಮೀನು ಹಾಕಿದಾಗ 60. ಅಷ್ಟು ವಯಸ್ಸಿನ ತನಕ ಬದುಕಿದವರಿಗೆ ಕಣ್ಣು ಬಂದಿರಲಿಲ್ಲ ಅಂತ ನಾನು ಹೇಗೆ ಬರೆಯಲಿ? ಹಾಗೆ ಬರೆಯಲು ಕೈ ಬರುತ್ತಿಲ್ಲ. ಎಷ್ಟು ರೂಢಿಯಾದ ಮೇಲೆ ಸಹಜ ಗುಣ ಪೂರ್ತಿ ಗುಣ ಆಗುತ್ತದೆ?

ಉತ್ತರ: ಕುಶಾಲನಗರದ ವಕೀಲೆ

ಅಕ್ಕಾ, ನಾನು ತತ್ವಶಾಸ್ತ್ರ ಓದಿದವಳಲ್ಲ, ಆದರೆ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಅಂದರೆ ನನಗೆ ಬಹಳ ಇಷ್ಟ. ಸಹಜ ಸದ್ಗುಣ ಅನ್ನುವ ಮಾತು ಅವನಲ್ಲೂ ಇದೆ, ಅರ್ಥ ಮಾತ್ರ ಬೇರೆ. ಪರೀಕ್ಷೆಯಲ್ಲಿ ಎರಡನ್ನೂ ಕಲಸಬೇಡಿ.

ಹ್ಯೂಮನ ‘ಟ್ರೀಟಿಸ್’ ಅನ್ನುವ ಗ್ರಂಥ ಪ್ರಕಟವಾದದ್ದು 1739-40ರಲ್ಲಿ. ನೀತಿಯ ಬಗ್ಗೆ ಇರುವ 3ನೇ ಪುಸ್ತಕ 1740ರದು. ಅದರಲ್ಲಿ ಸಹಜ ಸದ್ಗುಣದ ಎದುರಿಗೆ ಇರುವುದು ಮನುಷ್ಯರು ಕಟ್ಟಿಕೊಂಡ ಸದ್ಗುಣ. ದಯೆ, ಕೃತಜ್ಞತೆ, ಮಕ್ಕಳ ಮೇಲಿನ ಪ್ರೀತಿ, ಕಷ್ಟದಲ್ಲಿರುವವರ ಬಗ್ಗೆ ಮರುಕ, ಇವೆಲ್ಲ ಸಹಜ. ಯಾವ ಕಾನೂನೂ ಒಪ್ಪಂದವೂ ಇಲ್ಲದ ಕಾಡಿನಲ್ಲೂ ಇವು ಇರುತ್ತವೆ. ಆಸ್ತಿಯ ನ್ಯಾಯ, ಕೊಟ್ಟ ಮಾತು ಉಳಿಸಿಕೊಳ್ಳುವುದು, ಇವು ನಾವು ಕೂಡಿ ಬಾಳುತ್ತಾ ಕಟ್ಟಿಕೊಂಡವು. ಕಟ್ಟಿಕೊಂಡದ್ದು ಅಂದರೆ ಸುಳ್ಳು ಅಂತಲ್ಲ. ಸೇತುವೆಯನ್ನೂ ನಾವೇ ಕಟ್ಟುತ್ತೇವೆ, ಅದರ ಮೇಲೆ ನಡೆದೇ ಹೊಳೆ ದಾಟುತ್ತೇವೆ.

ಅವನು ಕೊಡುವ ಒಂದು ಉದಾಹರಣೆ ಓದಿದಾಗ ನನಗೆ ನಮ್ಮ ಅಜ್ಜನ ಗದ್ದೆ ನೆನಪಾಯಿತು. ಇಬ್ಬರು ರೈತರು. ಒಬ್ಬನ ಬೆಳೆ ಇವತ್ತು ಕೊಯ್ಲಿಗೆ, ಇನ್ನೊಬ್ಬನದು ನಾಳೆ. ಇವತ್ತು ನಾನು ನಿನಗೆ, ನಾಳೆ ನೀನು ನನಗೆ ದುಡಿದರೆ ಇಬ್ಬರಿಗೂ ಲಾಭ. ಆದರೆ ಇಬ್ಬರಲ್ಲೂ ಒಬ್ಬರ ಮೇಲೊಬ್ಬರಿಗೆ ಪ್ರೀತಿಯಿಲ್ಲ, ನಂಬಿಕೆಯೂ ಇಲ್ಲ. ಹಾಗಾಗಿ ಇಬ್ಬರೂ ಸುಮ್ನೆ ಕೂರುತ್ತಾರೆ, ಇಬ್ಬರ ಬೆಳೆಯೂ ಹಾಳು. ನಮ್ಮಲ್ಲಿ ಅದಕ್ಕೇ ಮುಯ್ಯಾಳು ಇತ್ತು. ನಾಟಿಗೆ ನಾವು ಅವರ ಗದ್ದೆಗೆ, ಅವರು ನಮ್ಮ ಗದ್ದೆಗೆ. ಪಕ್ಕದ ಮನೆಯವರ ಜೊತೆ ಜಗಳ ಇದ್ದ ವರ್ಷವೂ ಅಜ್ಜ ಮುಯ್ಯಿ ತೀರಿಸಲು ಹೋಗುತ್ತಿದ್ದರು. ಪ್ರೀತಿ ಇದ್ದದ್ದರಿಂದ ಹೋದದ್ದಲ್ಲ. ಹೋಗಬೇಕಾದ್ದರಿಂದ ಹೋದರು.

ಹ್ಯೂಮ್ ಹೇಳುವ ಇನ್ನೊಂದು ವ್ಯತ್ಯಾಸ ನಿಮ್ಮ ಅವ್ವನ ವಿಷಯಕ್ಕೆ ಬೇಕಾದದ್ದು. ಸಹಜ ಸದ್ಗುಣದಲ್ಲಿ ಒಂದೊಂದು ಕೆಲಸವೂ ತಾನೇ ಒಳ್ಳೆಯದು ಮಾಡುತ್ತದೆ. ಹಸಿದವರಿಗೆ ಅನ್ನ ಹಾಕಿದರೆ ಅಲ್ಲೇ ಒಳ್ಳೆಯದಾಯಿತು. ನ್ಯಾಯ ಹಾಗಲ್ಲ. ಅದರ ಒಂದೇ ಒಂದು ಕೆಲಸ ಬಿಡಿಯಾಗಿ ನೋಡಿದರೆ ಕೆಟ್ಟದಾಗಿ ಕಾಣಬಹುದು. ಜಿಪುಣನಿಗೆ ಅವನ ದೊಡ್ಡ ಗಂಟನ್ನು ವಾಪಸ್ ಕೊಡಿಸುವ ಹಾಗೆ. ಇಡೀ ವ್ಯವಸ್ಥೆ ನಡೆದಾಗ ಮಾತ್ರ ಅದರ ಫಲ.

ಜಾಮೀನು ಅನ್ನುವುದು ಈ ಎರಡೂ ಸೇರುವ ಜಾಗ. ಅವ್ವ ಸಹಿ ಹಾಕಿದ್ದು ಮರುಕದಿಂದ. ಆದರೆ ಆ ಸಹಿ ಹೋಗಿ ಕೂತದ್ದು ಕಾಗದದ ಲೋಕದಲ್ಲಿ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ. ಒಂದು ಪೈಸೆ ಕಡಿಮೆ ಇಲ್ಲ. ನನ್ನ ಮುಂದೆ ಬಂದು ಅತ್ತ ಜಾಮೀನುದಾರರಲ್ಲಿ ಹೆಚ್ಚಿನವರು ಒಳ್ಳೆಯವರೇ. ‘ಸಹಿ ಒಂದು ಹಾಕಿ ಅಂದರು, ಹಾಕಿದೆ’ ಅನ್ನುತ್ತಾರೆ. ಅವರ ದಯೆಯಲ್ಲಿ ಕೊರತೆ ಇತ್ತು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಆ ಕಾಗದ ಏನು ಅಂತ ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ಇದು ನನಗೆ ಬಹಳ ನೋವಿನ ವಿಷಯ, ಅದಕ್ಕೇ ಇಷ್ಟು ಉದ್ದ ಬರೆದೆ.

ಉತ್ತರ: ಎಂ.ಎ. ಎರಡನೇ ವರ್ಷ, ಮಡಿಕೇರಿ

ಪರೀಕ್ಷೆಗೆ ಜರ್ಮನಿಯ ತತ್ವಜ್ಞಾನಿ ಕಾಂಟ್ ಕೂಡ ಸೇರಿಸಿ ಅಕ್ಕ. 1785ರ ‘ಗ್ರೌಂಡ್‌ವರ್ಕ್’ ಅನ್ನುವ ನೀತಿಗ್ರಂಥದಲ್ಲಿ ಅವನು ಇನ್ನೂ ಬಿಗಿ. ಸ್ವಭಾವದಿಂದಲೇ ಮರುಕ ಇರುವವನು ಸಹಾಯ ಮಾಡಿದರೆ ಹೊಗಳಿ, ಹುರಿದುಂಬಿಸಿ, ಆದರೆ ಆ ಕೆಲಸಕ್ಕೆ ನೈತಿಕ ಬೆಲೆ ಇಲ್ಲ ಅನ್ನುತ್ತಾನೆ. ಅದೇ ಮನುಷ್ಯ ತನ್ನ ದುಃಖದಲ್ಲಿ ಮುಳುಗಿ, ಯಾರ ಮೇಲೂ ಮರುಕ ಹುಟ್ಟದ ದಿನವೂ, ಮಾಡಬೇಕು ಅಂತ ಎದ್ದು ಸಹಾಯ ಮಾಡಿದರೆ ಬೆಲೆ ಇದೆ. ಅರಿಸ್ಟಾಟಲ್ ಇದಕ್ಕೆ ಉಲ್ಟಾ. ಒಳ್ಳೆಯ ಕೆಲಸ ಮಾಡುವಾಗ ಖುಷಿಪಡದವನು ಒಳ್ಳೆಯವನೇ ಅಲ್ಲ ಅನ್ನುತ್ತಾನೆ. ಈ ಇಬ್ಬರನ್ನು ಎದುರೆದುರು ನಿಲ್ಲಿಸಿದರೆ ಉತ್ತರಕ್ಕೆ ತೂಕ ಬರುತ್ತದೆ.

ನಿವೃತ್ತ ಮೇಷ್ಟ್ರು, ವಿರಾಜಪೇಟೆ

‘ಎಷ್ಟು ರೂಢಿಯಾದ ಮೇಲೆ’ ಅಂತ ಕೇಳಿದ್ದೀರಿ. ಅದಕ್ಕೆ ಅಳತೆಗೋಲು ಅರಿಸ್ಟಾಟಲ್ ಕೊಟ್ಟಿಲ್ಲ. ಒಬ್ಬರಲ್ಲಿ ಒಂದು ಗುಣ ಪೂರ್ತಿಯಾಗಿ ಇನ್ನೊಂದು ಬರೀ ಒಲವಾಗಿಯೇ ಉಳಿಯಬಹುದಾ ಅಂದರೆ, ಸಹಜ ಗುಣಗಳು ಹಾಗೆ ಬಿಡಿಬಿಡಿಯಾಗಿ ಇರಬಹುದು, ಪೂರ್ತಿ ಗುಣಗಳು ಒಟ್ಟಿಗೇ ಬರುತ್ತವೆ ಅನ್ನುವುದು ಅವನ ವಾದ. ವಿವೇಕ ಒಂದೇ ಆದ್ದರಿಂದ. ಇಲ್ಲಿ ಮಾತ್ರ ನನಗೆ ಅವನ ಮೇಲೆ ಅನುಮಾನ. ನನ್ನ ಕಣ್ಣಿಗೆ ಬಿದ್ದ ಮನುಷ್ಯರು ಅಷ್ಟು ಒಂದೇ ಸಮ ಇರಲಿಲ್ಲ.

ಬೆಳೆಯುವ ಬಗ್ಗೆ ನನಗೆ ಹಿಡಿಸಿದ್ದು ಚೀನಾದ ಮೆನ್ಷಿಯಸ್ ಹೇಳಿದ್ದು. ಕ್ರಿಸ್ತಪೂರ್ವ 4ನೇ ಶತಮಾನದ ತತ್ವಜ್ಞಾನಿ. ಬಾವಿಗೆ ಬೀಳಲಿರುವ ಮಗುವನ್ನು ಕಂಡರೆ ಯಾರ ಎದೆಯಾದರೂ ಧಸಕ್ ಅನ್ನುತ್ತದೆ, ಆ ಮಗುವಿನ ಅಪ್ಪ ಅಮ್ಮನ ಸ್ನೇಹ ಬೇಕು ಅಂತಲ್ಲ, ಊರಿನ ಹೊಗಳಿಕೆ ಬೇಕು ಅಂತಲೂ ಅಲ್ಲ ಅನ್ನುತ್ತಾನೆ. ಆ ಧಸಕ್ಕೇ ದಯೆಯ ಮೊಳಕೆ. ಮೊಳಕೆ ಅಷ್ಟೇ, ಗಿಡವಲ್ಲ. ಅವನೇ ಇನ್ನೊಂದು ಕತೆ ಹೇಳುತ್ತಾನೆ. ಪೈರು ಬೇಗ ಬೆಳೆಯಲಿ ಅಂತ ಒಬ್ಬ ರೈತ ಒಂದೊಂದನ್ನೇ ಹಿಡಿದು ಮೇಲಕ್ಕೆ ಎಳೆದ. ಮಗ ಓಡಿಹೋಗಿ ನೋಡಿದರೆ ಎಲ್ಲ ಒಣಗಿತ್ತು. ಕಾಫಿ ಸಸಿ ನೆಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರ: ಸ್ಟಾಫ್ ನರ್ಸ್, ಸೋಮವಾರಪೇಟೆ

ದೊಡ್ಡ ದೊಡ್ಡ ಹೆಸರುಗಳ ನಡುವೆ ನನ್ನದೂ ಒಂದು ಮಾತು. ನಾನು ನರ್ಸ್ ಆಗಿ 22 ವರ್ಷ ಆಯಿತು. ರೋಗಿಗಳ ಮನೆಯವರು ‘ಸಿಸ್ಟರ್, ನಿಮಗೆ ಹುಟ್ಟಿನಿಂದಲೇ ಎಷ್ಟು ತಾಳ್ಮೆ’ ಅನ್ನುತ್ತಾರೆ. ಪ್ರೀತಿಯಿಂದ ಹೇಳುವ ಮಾತು. ಆದರೆ ನಾನು ಹುಟ್ಟಿದ್ದು ತಾಳ್ಮೆ ಇಟ್ಟುಕೊಂಡಲ್ಲ. ಮೊದಲ ವರ್ಷ ಒಬ್ಬ ಅಜ್ಜಿ ಮೂರು ಸಲ ಹಾಸಿಗೆ ಒದ್ದೆ ಮಾಡಿದಾಗ ನಾನು ಗದರಿದ್ದೆ. ಅವರು ಗೋಡೆ ಕಡೆಗೆ ತಿರುಗಿ ಮಲಗಿದರು. ಮಾತಾಡಲಿಲ್ಲ. ಆ ಬೆನ್ನು ನನಗೆ ಇವತ್ತಿಗೂ ಕಾಣುತ್ತದೆ. ಅಲ್ಲಿಂದ ಶುರುವಾದದ್ದು ನನ್ನ ತಾಳ್ಮೆ.

ಅದಕ್ಕೇ ಕೇಳುತ್ತೇನೆ. ನಿಮ್ಮ ಅವ್ವನ ದಯೆ ಹುಟ್ಟುಗುಣ ಅಂತ ನಿಮಗೆ ಹೇಳಿದ್ದು ಯಾರು? ನೀವು ಅವರನ್ನು ನೋಡಲು ಶುರು ಮಾಡಿದ್ದೇ ಅವರು ತಾಯಿಯಾದ ಮೇಲೆ. ಅದಕ್ಕೂ ಮೊದಲು ಹೇಗಿದ್ದರು? ಹೆಂಗಸರು ಕಷ್ಟಪಟ್ಟು ಕಲಿತದ್ದನ್ನೂ ಜನ ಸ್ವಭಾವ ಅಂದುಬಿಡುತ್ತಾರೆ. ಒಮ್ಮೆ ಅವರನ್ನೇ ಕೇಳಿ ನೋಡಿ.

ತೋಟದಮನೆ, ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ಉತ್ತರ ಬರೆಯಲು 12 ದಿನ ತಡವಾಯಿತು. ಸಿಸ್ಟರ್ ಬರೆದದ್ದನ್ನು ಓದಿ ಆ ಭಾನುವಾರವೇ ತವರಿಗೆ ಹೋದೆ. ಅವ್ವ ಅಡಿಗೆಮನೆಯಲ್ಲಿ ಹಲಸಿನ ಬೀಜ ಬಿಡಿಸುತ್ತಿದ್ದರು. ನಾನೂ ಕೂತು ಬಿಡಿಸಿದೆ. ನಾವು ಮಾತಾಡಿದ್ದು ನಮ್ಮ ಮನೆಮಾತು ಅರೆಭಾಷೆಯಲ್ಲಿ, ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

‘ಅವ್ವ, ನೀನು ಚಿಕ್ಕಂದಿನಿಂದಲೂ ಹೀಗೇನಾ, ಕೇಳಿದವರಿಗೆಲ್ಲ ಕೊಡುವುದು?’ ಅಂತ ಕೇಳಿದೆ.

ಅವ್ವ ತಲೆ ಎತ್ತಿ ನೋಡಿದರು. ‘ಯಾರು ಹೇಳಿದ್ದು? ನಾನು ಬಹಳ ಗಟ್ಟಿ ಕೈಯವಳು’ ಅಂದರು.

ಅವ್ವನ ತವರಿನಲ್ಲಿ ಊಟಕ್ಕೆ ಕಷ್ಟ ಇತ್ತು. ಅದು ನನಗೆ ಗೊತ್ತಿತ್ತು. ಆದರೆ ಮದುವೆಯಾಗಿ ಬಂದ ಹೊಸದರಲ್ಲಿ ಪತ್ತಾಯದ ಭತ್ತ ದಿನಾ ಇಣುಕಿ ನೋಡುತ್ತಿದ್ದರು ಅನ್ನುವುದು ಗೊತ್ತಿರಲಿಲ್ಲ. ಎಷ್ಟು ಇಳಿಯಿತು ಅಂತ ಒಳಗಡೆ ಇದ್ದಿಲಿನಲ್ಲಿ ಗೆರೆ ಹಾಕಿಡುತ್ತಿದ್ದರಂತೆ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ತೋಟದ ಕೆಲಸ ನಿಲ್ಲುತ್ತಿತ್ತು. ಕೆಲಸ ಇಲ್ಲದಿದ್ದರೆ ಕೂಲಿ ಇಲ್ಲ. ಕೂಲಿಯವರ ಲೈನ್ ಮನೆಗಳಲ್ಲಿ ಅಕ್ಕಿ ಮುಗಿಯುತ್ತಿತ್ತು. ಆಗ ಅಜ್ಜಿ, ಅಂದರೆ ಅವ್ವನ ಅತ್ತೆ, ವಾರಕ್ಕೊಮ್ಮೆ ಅಕ್ಕಿ ಕಳಿಸುತ್ತಿದ್ದರು. ಬೇರೆ ಯಾರನ್ನೂ ಕಳಿಸದೆ ಅವ್ವನ ಕೈಯಲ್ಲೇ ಕಳಿಸುತ್ತಿದ್ದರು.

‘ಮೊದಲ ವರ್ಷ ನನಗೆ ಸಿಟ್ಟು ಬರುತ್ತಿತ್ತು’ ಅಂದರು ಅವ್ವ. ‘ದಾರಿಯಲ್ಲಿ ಒಂದು ಸೇರು ಕಡಿಮೆ ಮಾಡಿ ವಾಪಸ್ ತಂದಿದ್ದೇನೆ. ಅತ್ತೆಗೆ ಗೊತ್ತಾಯಿತು. ಬೈಯಲಿಲ್ಲ. ಮುಂದಿನ ವಾರ ಮತ್ತೆ ನನ್ನನ್ನೇ ಕಳಿಸಿದರು.’

ಹೋಗುತ್ತಾ ಹೋಗುತ್ತಾ ಕಂಡುಕೊಂಡದ್ದನ್ನು ಅವ್ವ ಹೇಳುತ್ತಾ ಹೋದರು. ಒಂದು ಮನೆಗೆ ದುಡ್ಡು ಕೊಟ್ಟರೆ ಸಂಜೆಯೊಳಗೆ ಸಾರಾಯಿಗೆ ಹೋಗುತ್ತದೆ, ಅಲ್ಲಿಗೆ ಅಕ್ಕಿಯೇ ಕೊಡಬೇಕು. ಇನ್ನೊಂದು ಮನೆಯ ಹೆಂಗಸಿಗೆ ಬಹಳ ಸ್ವಾಭಿಮಾನ, ಬಾಗಿಲಲ್ಲಿ ನಿಂತು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಅವಳಿಂದ ಒಂದು ಬುಟ್ಟಿ ಹೆಣೆಸಿ, ಅದರ ಲೆಕ್ಕಕ್ಕೆ ಅಂತ ಅಕ್ಕಿ ಅಳೆಯಬೇಕು. ಮೂರನೆಯ ಮನೆಯಲ್ಲಿ ಅಕ್ಕಿ ಇದೆ, ಆದರೆ ಬಾಣಂತಿಗೆ ಮಾತಾಡುವವರು ಇಲ್ಲ. ಅಲ್ಲಿ ಅರ್ಧ ಗಂಟೆ ಕೂತು ಬರಬೇಕು. ‘ಗೆರೆ ಹಾಕುವುದನ್ನು ಯಾವಾಗ ಬಿಟ್ಟೆ ಅಂತ ನನಗೇ ನೆನಪಿಲ್ಲ’ ಅಂದರು.

ಮೇಷ್ಟ್ರೇ, ನೀವು ಕಣ್ಣು ಅಂದದ್ದು ಇದನ್ನೇ ಅಲ್ವಾ? ನಾನು ಇಷ್ಟು ವರ್ಷ ನೋಡಿದ್ದು ಕೊಡುವ ಕೈಯನ್ನು. ನನ್ನ ಕಣ್ಣಿಗೆ ಎಲ್ಲ ಕೊಡುವುದೂ ಒಂದೇ ರೀತಿ ಕಂಡಿತ್ತು. ಒಂದೊಂದು ಮನೆಗೆ ಒಂದೊಂದು ರೀತಿ ಇತ್ತು ಅನ್ನುವುದು ಕಾಣಲೇ ಇಲ್ಲ. ಕಾಂಟ್ ಬಗ್ಗೆ ಬರೆದ ಮಡಿಕೇರಿಯ ವಿದ್ಯಾರ್ಥಿಗೂ ಹೇಳಬೇಕು. ಸಿಟ್ಟಿನಲ್ಲೇ ಅಕ್ಕಿ ಹೊತ್ತುಕೊಂಡು ಹೋದ ಆ ವರ್ಷದ ಅವ್ವನನ್ನು ಕಾಂಟ್ ಮೆಚ್ಚಿರಬಹುದು. ಆದರೆ ನನಗೆ ಅನ್ನಿಸುವುದು, ಬಾಣಂತಿಯ ಹತ್ತಿರ ಖುಷಿಯಿಂದ ಕೂತು ಬಂದ ಅವ್ವನೇ ಮೇಲು. ಪರೀಕ್ಷೆಯಲ್ಲೂ ಹಾಗೇ ಬರೆಯುತ್ತೇನೆ.

ಕೊನೆಗೆ ಜಾಮೀನಿನ ಮಾತು ಎತ್ತಿದೆ. ಮನೆಯಲ್ಲಿ 8 ವರ್ಷದಿಂದ ಯಾರೂ ಎತ್ತದ ಮಾತು. ವಕೀಲೆಯವರು ಬರೆದ ಹಾಗೆ ಕಾಗದ ಅರ್ಥವಾಗದೆ ಸಹಿ ಹಾಕಿದರಾ ಅಂತ ಕೇಳಿದೆ.

‘ಅರ್ಥವಾಗಿತ್ತು’ ಅಂದರು ಅವ್ವ. ‘ಅವರು ಪೂರ್ತಿ ಕಟ್ಟುವುದಿಲ್ಲ ಅಂತಲೂ ಗೊತ್ತಿತ್ತು. ಅವರ ಮಗಳ ಓದು ನಿಂತುಹೋಗುತ್ತಿತ್ತು. ಎರಡು ವರ್ಷದ ಮೆಣಸು ಹೋಗಬಹುದು ಅಂತ ಲೆಕ್ಕ ಹಾಕಿದ್ದೆ. ಮರವೂ ಹೋಗುತ್ತದೆ ಅಂತ ಗೊತ್ತಿರಲಿಲ್ಲ.’

ಸ್ವಲ್ಪ ಹೊತ್ತು ಬೀಜ ಬಿಡಿಸಿದರು. ಆಮೇಲೆ ಹೇಳಿದರು. ‘ನಾನು ತಪ್ಪು ಮಾಡಿದ್ದು ಒಂದೇ. ನಿನ್ನ ಅಪ್ಪನನ್ನು ಕೇಳಲಿಲ್ಲ. ಬೇಡ ಅಂತಾರೆ ಅಂತ ಹೆದರಿ ಕೇಳಲಿಲ್ಲ. ಆ ಮರ ಅವರು ನೆಟ್ಟದ್ದು.’

ನನಗೆ ಮಾತು ಹೊರಡಲಿಲ್ಲ. ದಯೆ ಕುರುಡಾಗಿತ್ತು ಅಂತ ನಾನು ತೀರ್ಪು ಕೊಟ್ಟಿದ್ದೆ. ಅಲ್ಲಿ ಕಡಿಮೆಯಾದದ್ದು ಧೈರ್ಯ, ಗಂಡನ ಎದುರು ಒಂದು ಮಾತು ಹೇಳುವ ಧೈರ್ಯ. ನಾನು ಅವ್ವನ ಹತ್ತಿರ ಯಾವತ್ತೂ ಹುಡುಕದ ಕಡೆ ಆ ಕೊರತೆ ಇತ್ತು. ಗುಣಗಳೆಲ್ಲ ಒಟ್ಟಿಗೇ ಬರಬೇಕು ಅನ್ನುವ ಅರಿಸ್ಟಾಟಲನ ಮಾತನ್ನು ಮೇಷ್ಟ್ರು ಅನುಮಾನದಿಂದ ನೋಡಿದ್ದರು. ನನಗೆ ಈಗ ಆ ಮಾತು ಅಷ್ಟು ದೂರದ್ದು ಅನ್ನಿಸುತ್ತಿಲ್ಲ. ಒಂದು ಗುಣ ಅರ್ಧ ಇದ್ದರೆ ಇನ್ನೊಂದಕ್ಕೂ ಪೆಟ್ಟು ಬೀಳುತ್ತದೆ.

ಇನ್ನು ತಮ್ಮನ ವಿಷಯ: ಆ ಹಿರಿಯರು ಬಿದ್ದ ಮೇಲೆ ಅವನು ಆನೆ ಕಾವಲಿಗೆ ಬರುವ ಅರಣ್ಯ ಇಲಾಖೆಯವರ ಜೊತೆ ಎಷ್ಟೋ ರಾತ್ರಿ ಸುತ್ತಿದ್ದಾನೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಮೇಲಿನ ಮನೆಯ ಹುಡುಗರು ದನ ಬಿಚ್ಚಿ ತರಲು ಹಿಂದಕ್ಕೆ ಓಡುತ್ತಿದ್ದರು. ಅವರನ್ನು ತಡೆದು ನಿಲ್ಲಿಸಿದ್ದು ಇವನೇ. ಮಣ್ಣಿನ ಒಳಗಿಂದ ನೀರಿನ ಸದ್ದು ಬರುತ್ತಿದೆ, ಹೋಗಬೇಡಿ ಅಂದನಂತೆ. ಮೊದಲಿನ ತಮ್ಮನಾಗಿದ್ದರೆ ಎಲ್ಲರಿಗಿಂತ ಮುಂದೆ ಅವನೇ ಓಡುತ್ತಿದ್ದ.

ಭಾನುವಾರ ನಾನು ಹೊರಡುವಾಗ ಅವನು ಆ ಹಿರಿಯರನ್ನು ಬೈಕಿನಲ್ಲಿ ಕೂರಿಸಿಕೊಂಡು ಸಂತೆಯಿಂದ ಬಂದ. ಕೋಲನ್ನು ತಾನೇ ಹಿಡಿದುಕೊಂಡು, ಮೆಟ್ಟಿಲ ಹತ್ತಿರ ನಿಧಾನಕ್ಕೆ ಇಳಿಸಿದ. ಅವ್ವ ಒಳಗಿಂದ ಒಂದು ಚೀಲ ಹಲಸಿನ ಬೀಜ ತಂದು, ‘ಬಿಡಿಸಿದ್ದಕ್ಕೆ ಕೂಲಿ ಕೊಡಬೇಕು ನನಗೆ’ ಅಂತ ಅವರಿಗೆ ಹೇಳಿ ಚೀಲವನ್ನು ಕೋಲಿಗೆ ಸಿಕ್ಕಿಸಿದರು. ಅವರೂ ನಕ್ಕು ತೆಗೆದುಕೊಂಡರು.